ಮದನತಿಲಕವೂ ವೈದ್ಯರ ನಿದಾನವೂ

ಕನ್ನಡಕ್ಕೆ ಕಾಮಶಾಸ್ತ್ರವು ಹೊಸತಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ಚಂದ್ರರಾಜನು 'ಮದನತಿಲಕ'ವನ್ನೂ, 15ನೆಯ ಶತಮಾನದಲ್ಲಿ ಕಲ್ಲರಸನು 'ಜನವಶ್ಯ'ವನ್ನೂ ರಚಿಸಿದರು. ಇವನ್ನು ಅಶ್ಲೀಲವೆಂದು ಬದಿಗಿಡುವ ಪಂಡಿತರ ಮಾತಿಗೆ ನಾವು ಒಡಂಬಡುವದಿಲ್ಲ. ಈ ಪರಂಪರೆಯ ದೋಷವು ಬೇರೆಯಾಗಿದೆ: ಅದು ಸ್ತ್ರೀಪುರುಷರನ್ನೇ ಜಾತಿಗಳಾಗಿ ವಿಂಗಡಿಸಿ, ಸ್ವಭಾವವನ್ನು ಹುಟ್ಟಿಗೆ ಕಟ್ಟಿಹಾಕುವದು.

ಇಂದಿನ ವೈದ್ಯನು ವ್ಯಕ್ತಿಯನ್ನಲ್ಲ, ದೇಹದ ಸ್ಪಂದನವನ್ನು ವಿಂಗಡಿಸುವನು. 1966ರಲ್ಲಿ ಅಮೇರಿಕೆಯ ಮಾಸ್ಟರ್ಸ್ ಹಾಗೂ ಜಾನ್ಸನ್ ಇವರು ಉದ್ರೇಕ, ಸ್ಥಿರತೆ, ಪರಾಕಾಷ್ಠೆ, ಶಮನ ಎಂಬ 4 ಅವಸ್ಥೆಗಳನ್ನು ನಿರೂಪಿಸಿದರು. ಬಯಕೆಯನ್ನೇ ಬಿಟ್ಟಿದ್ದರು! 1970ರ ದಶಕದಲ್ಲಿ ಹೆಲೆನ್ ಕ್ಯಾಪ್ಲಾನ್ ಅದನ್ನು ಸೇರಿಸಬೇಕಾಯಿತು. 2013ರ ಅಮೇರಿಕೆಯ ಮನೋವೈದ್ಯರ ಕೈಪಿಡಿಯಾದರೋ, ಬಾಧೆಯು ಸಾಮಾನ್ಯವಾಗಿ ಸುಮಾರು 6 ತಿಂಗಳು ನಿಂತು, ಆ ವ್ಯಕ್ತಿಗೇ ಸಂಕಟವನ್ನುಂಟುಮಾಡಿದ ಹೊರತು ಅದನ್ನು ವ್ಯಾಧಿಯೆನ್ನಲಾಗದೆಂದು ವಿಧಿಸಿದೆ. ಮಧುಮೇಹ, ರಕ್ತನಾಳಗಳ ರೋಗ, ಸೇವಿಸುವ ಔಷಧ, ಮನಸ್ಸಿನ ಖಿನ್ನತೆ ಇವನ್ನೆಲ್ಲ ಮೊದಲು ಪರೀಕ್ಷಿಸತಕ್ಕದ್ದು.

ಇಷ್ಟು ವಿವೇಕಕ್ಕೆ ನಮ್ಮಲ್ಲಿ ಮಾತೆಲ್ಲಿದೆ? ಕುಪ್ಪೇಲೂರಿನಲ್ಲಾಗಲಿ ರಾಣೇಬೆನ್ನೂರಿನಲ್ಲಾಗಲಿ ನೊಂದ ಗಂಡಸಿಗೆ ಸಿಕ್ಕುವ ಶಬ್ದವು 'ಷಂಡ' ಎಂಬುದೊಂದೇ. ಅದು ನಿದಾನವಲ್ಲ, ಬೈಗಳು. ಹೆಂಗಸಿಗಂತೂ ಬೈಗಳೂ ಇಲ್ಲ, ಬರಿಯ ಮೌನ. ಧಾತುನಷ್ಟದ ಭೀತಿಯನ್ನು 1960ರಲ್ಲಿ ವೈದ್ಯ ವಿಗ್ ಅವರು ಗುರುತಿಸಿ ಹೆಸರಿಟ್ಟರಾದರೂ, ಆ ಭೀತಿಯನ್ನು ಮಾರಿ ಬದುಕುವ ಗೋಡೆಬರಹಗಳು ನಿಂತಿಲ್ಲ. ಸ್ವತಃ ವೈದ್ಯೆಯಾದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ'ಯನ್ನು ಮನೆಯ ಓದುಗರಿಗಾಗಿ ಬರೆದದ್ದು ಈ ಕಾರಣದಿಂದ ಕನ್ನಡಕ್ಕೆ ಸಂದ ದೊಡ್ಡ ಉಪಕಾರವು. ನಮ್ಮ ವಿಮರ್ಶಕರು ಅದನ್ನು ಸಾಹಿತ್ಯವಲ್ಲವೆಂದು ಮುಟ್ಟದಿರುವದು ಉಚಿತವಲ್ಲ. ನಿಂದೆಯಿಲ್ಲದ ಶಬ್ದವೊಂದು ಕೈಗೆ ಸಿಕ್ಕದೆ ರೋಗಿಯು ವೈದ್ಯನ ಮುಂದೆ ಬಾಯಿ ತೆರೆಯಲಾರನು.