‘ರೈಟ್’ ಶಬ್ದದ ಅರ್ಥವಿಚಾರ

ಕನ್ನಡದಲ್ಲಿ ಸೇರಿರುವ ಇಂಗ್ಲಿಷ್ ಶಬ್ದಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಮತಗಳುಂಟು. ಅವು ಭಾಷೆಗೆ ಅಂಟಿದ ಕೊಳೆಯೆಂಬುದು ಒಂದು. ಕಾಲಧರ್ಮದಿಂದ ಬಂದ ಅನಿವಾರ್ಯವಾದ ಎರವೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಪಕ್ಷಗಳಿಗೂ ಆಧಾರವಾದ ನಂಬಿಕೆ ಒಂದೇ: ಶಬ್ದವು ಬರುವಾಗ ತನ್ನ ಅರ್ಥವನ್ನೂ ಹೊತ್ತುಕೊಂಡು ಬರುತ್ತದೆ, ಬಂದಮೇಲೆ ಅದನ್ನೇ ಉಳಿಸಿಕೊಳ್ಳುತ್ತದೆ ಎಂಬುದು. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ‘ರೈಟ್’ ಎಂಬ ಅತಿಸಾಮಾನ್ಯವಾದ ಆಡುಮಾತಿನಿಂದ ಪರೀಕ್ಷಿಸಬಹುದಾಗಿದೆ.

ಮೊದಲು ಶಬ್ದದ ಮೂಲವನ್ನು ನೋಡತಕ್ಕದ್ದು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ ‘ರಿಹ್ಟ್’; ಮೂಲಾರ್ಥ ‘ನೆಟ್ಟಗಿರುವುದು’. ಲ್ಯಾಟಿನ್ನಿನ ‘ರೆಕ್ಟುಸ್’, ಸಂಸ್ಕೃತದ ‘ಋಜು’ ಇವು ಇದರ ದಾಯಾದಿಗಳು. ನೆಟ್ಟಗಿರುವುದು ನ್ಯಾಯವಾದದ್ದಾಗಿ, ನ್ಯಾಯವಾದದ್ದು ಹಕ್ಕಾಗಿ ಅರ್ಥವು ಬೆಳೆಯಿತು. ಬಲಗಡೆ ಎಂಬ ಅರ್ಥ ಈಚಿನದು. ಪ್ರಾಚೀನ ಇಂಗ್ಲಿಷಿನಲ್ಲಿ ಬಲಗೈಗೆ ‘ಹೆಚ್ಚು ಶಕ್ತವಾದದ್ದು’ ಎಂಬರ್ಥದ ಬೇರೊಂದು ಶಬ್ದವೇ ಇದ್ದಿತು. ಕನ್ನಡದ ‘ಬಲ’ವು ಶಕ್ತಿಯನ್ನೂ ಆ ಪಾರ್ಶ್ವವನ್ನೂ ಸೂಚಿಸುವುದನ್ನು ಇದರೊಡನೆ ಹೋಲಿಸಬಹುದು. ‘ಆಗಲಿ’, ‘ಸರಿ’ ಎಂಬ ಒಪ್ಪಿಗೆಯ ಪ್ರಯೋಗವು ಬಳಕೆಯ ಮಾತಿನಲ್ಲಿ ತಾನಾಗಿ ಬೆಳೆದುಬಂದಿತು.

ಇನ್ನು ಕನ್ನಡದ ಪ್ರಯೋಗ. ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಮೈಸೂರು ರಸ್ತೆಯ ಮಗ್ಗುಲಿಗಿರುವ ದೀಪಾಂಜಲಿ ನಗರದಲ್ಲಿ ನಗರಸಾರಿಗೆಯ ಬಸ್ ಡಿಪೋ ಉಂಟು. ಅಲ್ಲಿಯ ನಿಲುಗಡೆಯಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಈ ಶಬ್ದದ ವೈವಿಧ್ಯವೆಲ್ಲ ಕಿವಿಗೆ ಬೀಳುತ್ತದೆ. ಆಟೋ ಹತ್ತಿದವರು ‘ರೈಟಿಗೆ ತಿರುಗಿಸಿ’ ಎನ್ನುವರು. ಗೆಳೆಯರು ‘ರೈಟು, ನಾಳೆ ಸಿಗೋಣ’ ಎಂದು ಬೀಳ್ಕೊಳ್ಳುವರು. ಶಾಲೆಯ ಮಗುವು ‘ಮೇಷ್ಟ್ರು ಎಲ್ಲಕ್ಕೂ ರೈಟ್ ಹಾಕಿದ್ದಾರೆ’ ಎಂದು ಹಿಗ್ಗುವುದು. ಕಂಡಕ್ಟರು ‘ರೈಟ್ ರೈಟ್’ ಎಂದೊಡನೆ ಬಸ್ಸು ಹೊರಡುವುದು. ಇವುಗಳಲ್ಲಿ ಮೊದಲಿನ ಎರಡು ಇಂಗ್ಲಿಷಿನಿಂದ ಹಾಗೆಯೇ ಬಂದವು. ಕಡೆಯ ಎರಡು ವಿಚಾರಾರ್ಹವಾದವು.

ಉತ್ತರವು ಸರಿಯೆಂದು ತೋರಿಸಲು ಹಾಕುವ ಗೀಟಿಗೆ ಇಂಗ್ಲೆಂಡಿನಲ್ಲಿ ‘ಟಿಕ್’ ಎಂದೂ ಅಮೆರಿಕದಲ್ಲಿ ‘ಚೆಕ್’ ಎಂದೂ ಹೆಸರು, ‘ರೈಟ್’ ಎಂದಲ್ಲ. ತೀರ್ಪಿನ ಹೆಸರನ್ನು ತೀರ್ಪಿನ ಗುರುತಿಗೆ ಇಟ್ಟದ್ದು ಇಲ್ಲಿಯ ಶಾಲೆಗಳ ಕೆಲಸ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇದು ಲಕ್ಷಣಾವೃತ್ತಿ.

ಕಂಡಕ್ಟರ ‘ರೈಟ್’ ಇದಕ್ಕಿಂತ ಮುಂದೆ ಹೋಗಿದೆ. ಇಂಗ್ಲೆಂಡಿನ ರೈಲುಗಳಲ್ಲಿ ಗಾರ್ಡು ಗಾಡಿ ಹೊರಡಲು ಕೊಡುವ ಸೂಚನೆಗೆ ‘ರೈಟ್ ಅವೇ’ ಎಂದು ಹೆಸರು. ಬೆಂಗಳೂರಿಗೆ ರೈಲು ಬಂದದ್ದು ೧೮೬೪ರಲ್ಲಿ; ನಗರದಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಓಡತೊಡಗಿದ್ದು ೧೯೪೦ರಲ್ಲಿ; ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಆರಂಭವಾದದ್ದು ೧೯೪೮ರಲ್ಲಿ. ರೈಲಿನ ಪರಿಭಾಷೆ ಬಸ್ಸಿಗೆ ಇಳಿದುಬಂದಿತೆಂದು ಊಹಿಸುವುದು ಅಯುಕ್ತವಲ್ಲ. ‘ಎಲ್ಲವೂ ಸರಿಯಾಗಿದೆ’ ಎಂಬುದು ವಾಚ್ಯಾರ್ಥ. ‘ಆದಕಾರಣ ಹೊರಡಬಹುದು’ ಎಂಬುದು ಲಕ್ಷ್ಯಾರ್ಥ. ಕನ್ನಡದಲ್ಲಿ ಲಕ್ಷ್ಯವೇ ರೂಢಿಯ ಬಲದಿಂದ ವಾಚ್ಯವಾಗಿಬಿಟ್ಟಿದೆ. ಬಸ್ಸು ಎಡಕ್ಕೆ ತಿರುಗಬೇಕಾದಲ್ಲಿಯೂ ಕಂಡಕ್ಟರು ‘ರೈಟ್’ ಎನ್ನುತ್ತಾನೆ. ಯಾವ ಡ್ರೈವರಿಗೂ ಸಂಶಯ ಹುಟ್ಟುವುದಿಲ್ಲ.

ನಿರ್ಣಾಯಕವಾದ ಸಾಕ್ಷ್ಯ ಇನ್ನೊಂದುಂಟು. ಹರಟೆಯಲ್ಲಿ ‘ಅವನು ಆ ಕೆಲಸಕ್ಕೆ ರೈಟ್ ಹೇಳಿದ’ ಎಂದರೆ ಕೆಲಸವನ್ನು ಒಪ್ಪಿಕೊಂಡನೆಂದಲ್ಲ, ಬಿಟ್ಟು ಹೊರಟನೆಂದು ಅರ್ಥ. ಇಂಗ್ಲಿಷಿನ ಯಾವ ಅರ್ಥದಿಂದಲೂ ಇದು ನೇರವಾಗಿ ಹುಟ್ಟಲಾರದು. ಬಸ್ಸಿನ ‘ರೈಟ್’ ಕನ್ನಡದಲ್ಲಿ ಬೇರೂರಿದಮೇಲೆ, ಆ ಬೇರಿನಿಂದ ಒಡೆದ ಚಿಗುರು ಇದು. ಎರವಾಗಿ ಬಂದ ಅರ್ಥದ ಮೇಲೆ ಇಲ್ಲಿಯೇ ಹುಟ್ಟಿದ ಅರ್ಥವು ನಿಂತಿರುವಾಗ ಶಬ್ದವು ಇನ್ನೂ ಪರರದೆನ್ನುವುದು ಹೇಗೆ?

ವ್ಯಾಕರಣವೂ ಇದನ್ನೇ ಸಮರ್ಥಿಸುತ್ತದೆ. ‘ರೈಟು’ ಎಂದು ಸ್ವರಾಂತವಾಗುವುದು, ‘ರೈಟಿಗೆ’ ಎಂದು ವಿಭಕ್ತಿಯನ್ನು ತಾಳುವುದು, ‘ಹೇಳು’, ‘ಹಾಕು’, ‘ಕೊಡು’ ಧಾತುಗಳೊಡನೆ ಬೆರೆತು ನುಡಿಗಟ್ಟಾಗುವುದು, ಅವಸರದಲ್ಲಿ ದ್ವಿರುಕ್ತಿಯನ್ನು ಪಡೆಯುವುದು ಇವೆಲ್ಲ ಕನ್ನಡದ ನಡೆಯೇ ಆಗಿವೆ. ಇದರ ಜೊತೆಯ ‘ಹೋಲ್ಡಾನ್’ ಎಂಬುದೂ ಹೀಗೆಯೇ. ಇಂಗ್ಲಿಷಿನಲ್ಲಿ ಎರಡು ಪದಗಳಾಗಿದ್ದು ‘ಹಿಡಿದುಕೊ’, ‘ತಾಳು’ ಎಂಬರ್ಥವಿದ್ದುದು ಇಲ್ಲಿ ಒಂದೇ ಪದವಾಗಿ ‘ನಿಲ್ಲಿಸು’ ಎಂಬ ಆಜ್ಞೆಯಾಗಿದೆ.

‘ಹೊರಡು’, ‘ನಿಲ್ಲಿಸು’ ಎಂಬ ಅಚ್ಚಗನ್ನಡದ ಕ್ರಿಯಾಪದಗಳಿರುವಾಗ ಇವೇತಕ್ಕೆ ಎಂದು ಆಕ್ಷೇಪಿಸಬಹುದು. ಸಮಾಧಾನವೇನೆಂದರೆ, ‘ಹೊರಡು’ ಎಂದರೆ ಏಕವಚನದ ಒರಟುತನ, ‘ಹೊರಡಿ’ ಎಂದರೆ ಬಹುವಚನದ ಉಪಚಾರ. ‘ರೈಟ್’ ಎಂಬುದಕ್ಕೆ ವಚನಭೇದವಿಲ್ಲ. ಕಿರಿಯ ಕಂಡಕ್ಟರು ಹಿರಿಯ ಡ್ರೈವರಿಗೆ ನಿಸ್ಸಂಕೋಚವಾಗಿ ಹೇಳಬಹುದಾದ ಆಜ್ಞೆ ಇದು. ಸ್ವಭಾಷೆಯ ಶಬ್ದಕ್ಕೆ ಸುಲಭವಲ್ಲದ ಕೆಲಸವನ್ನು ಇದು ಮಾಡುತ್ತಿದೆ.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಕಿಟ್ಟೆಲರು ೧೮೯೪ರ ನಿಘಂಟಿನಲ್ಲಿ ಅನ್ಯದೇಶ್ಯಗಳಿಗೂ ಎಡೆಕೊಟ್ಟರು. ‘ಚಾವಿ’, ‘ಅಲಮಾರು’ ಪೋರ್ಚುಗೀಸ್ ಶಬ್ದಗಳೆಂಬ ನೆನಪೂ ಇಂದು ಯಾರಿಗೂ ಇಲ್ಲ. ಆದರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹನ್ನಿಘಂಟು ಸೇರಿದಂತೆ ದೊಡ್ಡ ಕೋಶಗಳೆಲ್ಲ ಮುಖ್ಯವಾಗಿ ಶಾಸನ, ಗ್ರಂಥಗಳ ಪ್ರಯೋಗವನ್ನು ಆಧರಿಸಿದವು. ಬಾಯಲ್ಲಿ ಮಾತ್ರ ಬದುಕುವ ಕಸುಬಿನ ಮಾತಿಗೆ ಈ ಕ್ರಮದಲ್ಲಿ ಸಾಕ್ಷಿ ದೊರೆಯುವುದು ಕಷ್ಟ. ಕೊರತೆಯಿರುವುದು ಶಬ್ದದಲ್ಲಲ್ಲ, ಸಂಗ್ರಹದ ಕ್ರಮದಲ್ಲಿ.

ಈ ಕೆಲಸಕ್ಕೆ ಕಾಲಾವಕಾಶವೂ ಹೆಚ್ಚಿಲ್ಲ. ೨೦೧೫ರಲ್ಲಿ ದೀಪಾಂಜಲಿ ನಗರಕ್ಕೆ ಮೆಟ್ರೋ ಬಂದಿತು. ಎತ್ತರದ ಆ ನಿಲ್ದಾಣದಲ್ಲಿ ಬಾಗಿಲುಗಳು ಯಂತ್ರದಿಂದ ಮುಚ್ಚಿಕೊಳ್ಳುತ್ತವೆ. ‘ರೈಟ್’ ಎನ್ನುವ ಬಾಯಿಯೇ ಅಲ್ಲಿ ಬೇಡ. ಕೆಳಗಿನ ರಸ್ತೆಯಲ್ಲಿ ಆ ಕೂಗು ಇನ್ನೂ ಕೇಳಿಸುತ್ತಿದೆ. ಅದು ನಿಲ್ಲುವ ಮೊದಲೇ ಕೋಶಕಾರರು ಗ್ರಂಥಭಂಡಾರದಿಂದ ಹೊರಟು ಡಿಪೋವಿನ ಬಾಗಿಲಿಗೆ ಬರುವುದು ಉಚಿತವಾದ ಕಾರ್ಯ.