ಶಾಸನಸೂಚಿಯಲ್ಲಿ ಸಂಕೇತವೂ ವಿಸ್ತರಣವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಕುರಿತು ಬರೆಯುವವರು ‘ಶ್ರೀಪ’, ‘ಪಾಂಪು’, ‘ಕೃಪೇ’, ‘ನಾಮಂ’ ಎಂಬ ಸಂಕೇತಗಳ ಮುಂದೆ ಒಂದು ಅಂಕಿಯನ್ನಿಟ್ಟು ಆಧಾರವನ್ನು ತೋರಿಸುವುದು ವಾಡಿಕೆ. ಇದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂಥ ಬರಹಗಳಿಂದ ಸೂಚಿಯನ್ನು ಕಟ್ಟುವಾಗ ಸಂಕೇತವನ್ನು ಬರೆದಂತೆಯೇ ಸೇರಿಸಬೇಕೋ ಬಿಡಿಸಿ ಸೇರಿಸಬೇಕೋ ಎಂಬುದು ವಿವೇಚಿಸತಕ್ಕ ವಿಷಯ.

ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 3ನೆಯ ಸಂಪುಟ (1894) ಶ್ರೀರಂಗಪಟ್ಟಣವನ್ನೂ, 4ನೆಯದು (1898) ಕೃಷ್ಣರಾಜಪೇಟೆ ನಾಗಮಂಗಲಗಳನ್ನೂ ಒಳಗೊಂಡಿವೆ. ಅವು ಮೈಸೂರು ಜಿಲ್ಲೆಯ ಸಂಪುಟಗಳು. ಮಂಡ್ಯ ಜಿಲ್ಲೆ ಏರ್ಪಟ್ಟದ್ದು 1939ರಲ್ಲಿ. ಪಾಂಡವಪುರಕ್ಕೆ ಅಲ್ಲಿ ಪ್ರತ್ಯೇಕ ಶೀರ್ಷಿಕೆಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ 6ನೆಯ ಸಂಪುಟದಲ್ಲಿ (1977) ಅದು ಸ್ವತಂತ್ರ ತಾಲ್ಲೂಕಾಗಿ ಬಂದಿದೆ. ಹೀಗಾಗಿ ತೊಣ್ಣೂರಿನ ಒಂದೇ ಕಲ್ಲು ಮೊದಲು ಶ್ರೀರಂಗಪಟ್ಟಣದ್ದು, ಬಳಿಕ ಪಾಂಡವಪುರದ್ದು. ನಾವು ದಾನಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಒಂದೇ ದಾನವನ್ನು ಎರಡು ಹೆಸರಿನಲ್ಲಿ ಎರಡು ಸಲ ಎಣಿಸಿ, ಅದರ ಮೇಲೆ ಒಂದು ನಿರ್ಣಯವನ್ನೂ ಬರೆದು, ಕೊನೆಗೆ ಅದನ್ನು ಹೊಡೆದುಹಾಕಬೇಕಾಯಿತು. ಪರಿಷ್ಕೃತ ಸಂಪುಟಗಳು ಹಳೆಯ ಸಂಖ್ಯೆಯನ್ನೂ ಕೊಟ್ಟಿವೆ. ದೋಷ ಸಂಪಾದಕರದಲ್ಲ, ಆವೃತ್ತಿಯನ್ನು ಹೇಳದೆ ಸಂಕೇತವನ್ನಷ್ಟೇ ಎತ್ತಿಕೊಳ್ಳುವ ನಮ್ಮದು.

ಗಣಕಯಂತ್ರದ ‘ಸಿ’ ಭಾಷೆಯ ಬರಹಗಳಿಗೆ ಸೂಚಿಯನ್ನು ಮಾಡುವವರಿಗೂ ಇದೇ ತೊಡಕು ಎದುರಾಗಿದೆ. ಅಲ್ಲಿ ‘ಮ್ಯಾಕ್ರೊ’ ಎಂಬುದು ಒಂದು ಚಿಕ್ಕ ಹೆಸರು. ಯಂತ್ರಭಾಷೆಗೆ ಪರಿವರ್ತಿಸುವ ಮುನ್ನ ‘ಪ್ರೀಪ್ರೊಸೆಸರ್’ ಅದರ ಸ್ಥಾನದಲ್ಲಿ ಪೂರ್ಣಪಾಠವನ್ನಿಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ‘ಸಿಸ್‌ಕಾಲ್ ಡಿಫೈನ್’ ಎಂಬ ಮ್ಯಾಕ್ರೊ ‘ಓಪನ್’ ಎಂಬ ಪದಕ್ಕೆ ಪೂರ್ವಪದವನ್ನಂಟಿಸಿ ಹೊಸ ಹೆಸರನ್ನು ಕಟ್ಟುತ್ತದೆ. ಆ ಪೂರ್ಣನಾಮ ಆ ಸ್ಥಳದಲ್ಲಿ ಬರೆದಿರುವುದೇ ಇಲ್ಲ. ಬರೆದುದನ್ನಷ್ಟೇ ಓದುವ ‘ಸಿಟ್ಯಾಗ್ಸ್’ ತಾನಾಗಿ ಅದನ್ನು ಕಾಣದೆ ಇರುವುದರಿಂದ ಕರ್ನಲ್‌ನವರು ಪ್ರತ್ಯೇಕ ನಿಯಮವನ್ನು ಬರೆದಿಟ್ಟಿದ್ದಾರೆ. ವಿಸ್ತರಿಸಿದ ಪಾಠಕ್ಕೇ ಸೂಚಿಯನ್ನು ಮಾಡಿದರೆ ಮ್ಯಾಕ್ರೊವಿನ ಹೆಸರು ಅಳಿಯುತ್ತದೆ. ಷರತ್ತಿಗೊಳಪಟ್ಟು ಆ ಸಲ ಕೈಬಿಟ್ಟ ಭಾಗಗಳೂ ಕಣ್ಮರೆಯಾಗುತ್ತವೆ. ‘ಕ್ಲ್ಯಾಂಗ್’ ಎಂಬ ಸಾಧನವಾದರೋ ಅಕ್ಷರಗಳು ಬರೆದಿರುವ ಸ್ಥಳವನ್ನೂ ಅವು ವಿಸ್ತಾರಗೊಂಡ ಸ್ಥಳವನ್ನೂ ಬೇರೆಬೇರೆಯಾಗಿ ಕಾಯ್ದಿಡುತ್ತದೆ.

ಇತಿಹಾಸದ ಸೂಚಿಗೂ ಈ ಮಾರ್ಗವೇ ಯೋಗ್ಯವೆಂದು ನಮ್ಮ ಅಭಿಪ್ರಾಯ. ತೊಣ್ಣೂರಿನ ಶಾಸನಗಳು ಆ ಊರನ್ನು ಯಾದವನಾರಾಯಣ ಚತುರ್ವೇದಿಮಂಗಲವೆಂದೂ ಕರೆಯುತ್ತವೆ. ಸೂಚಿಕಾರನು ಅದನ್ನು ಸದ್ದಿಲ್ಲದೆ ತೊಣ್ಣೂರೆಂದು ಬಿಡಿಸಿಟ್ಟರೆ ಅಗ್ರಹಾರಗಳ ನಾಮಕರಣವನ್ನು ಅಭ್ಯಾಸ ಮಾಡುವವನು ತನ್ನ ಆಧಾರವನ್ನು ಕಳೆದುಕೊಳ್ಳುತ್ತಾನೆ. ಬಿಡಿಸದೆ ಬಿಟ್ಟರೆ ಒಂದೇ ಊರಿನ ಇತಿಹಾಸ ಎರಡಾಗಿ ಒಡೆಯುತ್ತದೆ. ಆದುದರಿಂದ ಪ್ರತಿಯೊಂದು ನಮೂದಿನಲ್ಲಿ ಬರೆದ ರೂಪ, ಬಿಡಿಸಿದ ರೂಪ, ಆ ಬಿಡಿಸುವಿಕೆ ಯಾವ ಆವೃತ್ತಿಗೆ ಸಲ್ಲುತ್ತದೆ ಎಂಬ ಷರತ್ತು, ಈ ಮೂರೂ ಇರಬೇಕು. ಇದರಿಂದ ಸೂಚಿಯ ಗಾತ್ರ ಹೆಚ್ಚುವುದು ನಿಜ. ಆದರೆ ಸೂಚಿಯನ್ನು ನಂಬಿ ಮೂಲವನ್ನು ನೋಡದೆ ಬರೆಯುವ ವಿದ್ಯಾರ್ಥಿಗಳು ಬಹಳ, ಅಧ್ಯಾಪಕರೂ ಇಲ್ಲದಿಲ್ಲ. ಸೂಚಿಯಲ್ಲಿ ಎರಡಾದ ಕಲ್ಲು ಅಂಥವರ ಪ್ರಬಂಧದಲ್ಲಿಯೂ ಎರಡಾಗಿಯೇ ಉಳಿಯುತ್ತದೆ.