ಮ್ಯಾಟ್ ಮೇಲೆ ಬಿದ್ದ ಚೂರು

ದೊಡ್ಡಬಳ್ಳಾಪುರದಲ್ಲಿ ಹೊನಲು ಬೆಳಕಿನ ಕಬಡ್ಡಿ ಇದೆಯೆಂದರೆ ಸಾಕು, ಮಗ್ಗ ನಿಲ್ಲಿಸಿ ಬಂದವರು ಊಟವನ್ನೂ ಮರೆತು ಅಂಕಣದ ಸುತ್ತ ನಿಲ್ಲುತ್ತಾರೆ. ಇಂಥ ಪಂದ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವೊಂದಿದೆ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುತ್ತಾನೆ, ಮೂಲೆಯ ಹುಡುಗ ಅವನ ಪಾದಕ್ಕೆ ಹಾರುತ್ತಾನೆ. ಹಿಡಿತ ಬಿಗಿಯಾಗುವಷ್ಟರಲ್ಲಿ ರೈಡರನ ಮೊಣಕಾಲು ಹುಡುಗನ ಬಾಯಿಗೆ ಬಡಿದಿರುತ್ತದೆ. ಸೀಟಿ, ಪಾಯಿಂಟ್, ಕೇಕೆ. ಎದ್ದ ಹುಡುಗ ಮುಂದಿನ ಹಲ್ಲನ್ನು ನಾಲಿಗೆಯಲ್ಲಿ ತಡವಿ ನೋಡುತ್ತಾನೆ. ನುಣುಪಾಗಿದ್ದ ಅಂಚು ಗರಗಸದ ಹಾಗೆ ಚುಚ್ಚುತ್ತದೆ. ಬಾಯಿ ಮುಕ್ಕಳಿಸಿ, ಕೆಂಪು ನೀರು ಉಗಿದು, ಪಕ್ಕದವನ ಕೈ ಹಿಡಿದು ಮತ್ತೆ ಚೈನ್‌ಗೆ ನಿಲ್ಲುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ.

ಉದುರಿದ ಚೂರು ಮಾತ್ರ ಮ್ಯಾಟ್ ಮೇಲೆ ಯಾರದೋ ಕಾಲಡಿ ಉಳಿಯುತ್ತದೆ. ಅದನ್ನು ಹುಡುಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಆ ಚೂರು ಸಿಕ್ಕರೆ ದಂತವೈದ್ಯರು ಬಹಳಷ್ಟು ಸಲ ಅದನ್ನೇ ಹಲ್ಲಿಗೆ ಮರಳಿ ಅಂಟಿಸಬಲ್ಲರು. ಬಣ್ಣವೂ ಅದರದ್ದೇ, ಆಕಾರವೂ ಅದರದ್ದೇ.

ನೋವು ನುಂಗಿ ಆಡಿದವರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಅನಿಲ್ ಕುಂಬ್ಳೆ. 2002ರ ಮೇ ತಿಂಗಳು, ಆಂಟಿಗಾ ಟೆಸ್ಟ್. ಬ್ಯಾಟ್ ಮಾಡುತ್ತಿದ್ದಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ಗದ್ದದಿಂದ ನೆತ್ತಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಅವರು 14 ಓವರ್ ಎಸೆದರು, ಬ್ರಯಾನ್ ಲಾರಾರನ್ನು ಎಲ್‌ಬಿಡಬ್ಲ್ಯು ಮಾಡಿದರು. ಆ ಬ್ಯಾಂಡೇಜಿನ ಚಿತ್ರ ಇಂದಿಗೂ ಎಲ್ಲರ ಕಣ್ಣ ಮುಂದಿದೆ. ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಸರಣಿಯ ಐದನೇ ಟೆಸ್ಟ್ ಬಾಕಿ ಇರುವಾಗಲೇ ಕುಂಬ್ಳೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರು. ಊರ ಹುಡುಗರು ಅವರಿಂದ ಆ 14 ಓವರುಗಳನ್ನು ಕಲಿತಿದ್ದಾರೆ, ಆ ವಿಮಾನವನ್ನು ಕಲಿತಿಲ್ಲ.

ಮುಕ್ಕಾದ ಹಲ್ಲಿಗೆ ಅವಸರವೇಕೆ? ಹಲ್ಲಿನ ಮೇಲಿರುವ ಎನಾಮೆಲ್ ದೇಹದಲ್ಲೇ ಅತಿ ಗಟ್ಟಿಯಾದ ಪದಾರ್ಥ, ಆದರೆ ಒಮ್ಮೆ ಒಡೆದರೆ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಡೆಂಟಿನ್ ತುಂಬ ಕಣ್ಣಿಗೆ ಕಾಣದ ಕೊಳವೆಗಳಿವೆ, ಒಂದು ಚದರ ಮಿಲಿಮೀಟರಿನಲ್ಲಿ ಸಾವಿರಾರು. ಅವು ನೇರವಾಗಿ ನರ ಮತ್ತು ರಕ್ತನಾಳಗಳಿರುವ ಪಲ್ಪ್ ಕಡೆಗೆ ಸಾಗುತ್ತವೆ. ಕೊಳವೆಯೊಳಗಿನ ದ್ರವ ತುಸು ಅಲುಗಿದರೂ ಹಲ್ಲು ಜುಮ್ಮೆನ್ನುತ್ತದೆ. ಕಬಡ್ಡಿಯವರಿಗೆ ಇದು ಇನ್ನೂ ಕಷ್ಟ. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎಂದು ಹೋಗಿಬಂದ ರೈಡರ್ ನಡುಗೆರೆ ದಾಟಿದೊಡನೆ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾನೆ, ಆ ತಣ್ಣನೆ ಗಾಳಿ ಮುಕ್ಕಾದ ಹಲ್ಲಿಗೇ ತಾಕುತ್ತದೆ. ನೋವು ಹೇಗೋ ತಡೆದುಕೊಂಡಾನು. ಅದೇ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಒಳಗಿಳಿದರೆ ಪಲ್ಪ್ ಸತ್ತು, ತಿಂಗಳುಗಳ ನಂತರ ಹಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ದಿನ ಒಂದು ಲೇಪದಲ್ಲಿ ಮುಗಿಯಬಹುದಾಗಿದ್ದ ಕೆಲಸ ರೂಟ್ ಕೆನಾಲ್‌ಗೆ ಬಂದು ನಿಲ್ಲುತ್ತದೆ.

ಶಾಲಾ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಮೇಲಿನ ಎರಡು ಮುಂಬಲ್ಲು ಏಳೆಂಟು ವರ್ಷಕ್ಕೆ ಹುಟ್ಟುತ್ತವೆ, ಬೇರು ಪೂರ್ತಿ ಬಲಿಯಲು ಮತ್ತೆ ಎರಡು ಮೂರು ವರ್ಷ ಬೇಕು. ಅಷ್ಟರೊಳಗೆ ಪಲ್ಪ್ ಸತ್ತರೆ ಬೇರಿನ ಬೆಳವಣಿಗೆಯೂ ಅಲ್ಲಿಗೇ ನಿಲ್ಲುತ್ತದೆ, ಹಲ್ಲು ಜೀವನಪೂರ್ತಿ ದುರ್ಬಲ. ಒಡೆದ ಹಲ್ಲಿನ ನಡುವೆ ಕೆಂಪು ಚುಕ್ಕೆ ಕಂಡರೆ ಪಲ್ಪ್ ಹೊರಗೆ ಕಾಣುತ್ತಿದೆ ಎಂದೇ ಅರ್ಥ. ಆಗ ಮೇಲ್ಭಾಗದ ಪಲ್ಪ್ ಅನ್ನು ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು, ಔಷಧಿ ಇಟ್ಟು ಮುಚ್ಚಿ, ಉಳಿದದ್ದನ್ನು ಬದುಕಿಸಿಕೊಳ್ಳಬಹುದು. ದಂತವೈದ್ಯ ಮಿಯೊಮಿರ್ ಸ್ವೆಕ್ 1978ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಅವರದೇ ಹೆಸರಿದೆ.

ಅಂಕಣದ ಬದಿಯಲ್ಲಿ ಮಾಡಬೇಕಾದ್ದು ಏನೇನೂ ಕಷ್ಟವಲ್ಲ. ಚೂರನ್ನು ಹುಡುಕಿ, ಒಣಗದಂತೆ ಹಾಲಿನಲ್ಲೋ ನೀರಿನಲ್ಲೋ ಹಾಕಿ, ಹುಡುಗನ ಜೊತೆಗೇ ಕಳುಹಿಸಬೇಕು. ಚೂರು ಸಿಗದೆ ತುಟಿಯೂ ಹರಿದಿದ್ದರೆ ಅದು ತುಟಿಯೊಳಗೇ ಸಿಕ್ಕಿಕೊಂಡಿರಬಹುದು. ಹೊಲಿಗೆ ಹಾಕುವ ಮುನ್ನ ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಇಡೀ ಹಲ್ಲೇ ಬೇರುಸಮೇತ ಕಿತ್ತು ಬಂದರೆ ನಿಮಿಷ ನಿಮಿಷಕ್ಕೂ ಬೆಲೆಯಿದೆ. ಬೇರು ಮುಟ್ಟದೆ ಹಲ್ಲಿನ ತಲೆ ಹಿಡಿದು, ಮಣ್ಣಾಗಿದ್ದರೆ ಮೆಲ್ಲಗೆ ತೊಳೆದು, ಅದೇ ಗುಳಿಯಲ್ಲಿ ಕೂರಿಸಬೇಕು. ಧೈರ್ಯ ಬಾರದಿದ್ದರೆ ಹಾಲಿನಲ್ಲಿಟ್ಟು ಓಡಬೇಕು. ಒಣಗಿದ ಹಲ್ಲಿನ ಬೇರಿಗಂಟಿದ ಜೀವಕೋಶಗಳು ಒಂದು ಗಂಟೆಯಲ್ಲಿ ಬಹುಪಾಲು ಸಾಯುತ್ತವೆ. ಹಾಲುಹಲ್ಲನ್ನು ಮಾತ್ರ ಹೀಗೆ ಮರಳಿ ಕೂರಿಸುವಂತಿಲ್ಲ. ಊರಿನ ಯಾವ ಮೈದಾನದ ಪಕ್ಕದಲ್ಲಾದರೂ ನಂದಿನಿ ಹಾಲಿನ ಪ್ಯಾಕೆಟ್ ಸಿಗುತ್ತದೆ. ಊರಿನಲ್ಲೇ ದಂತವೈದ್ಯರಿದ್ದಾರೆ. ದೊಡ್ಡ ಪೆಟ್ಟಾದರೆ ವಿಮಾನ ನಿಲ್ದಾಣ ರಸ್ತೆಯ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜಿದೆ, ಬೆಂಗಳೂರಿನ ಕೋಟೆಯ ಬಳಿ ಸರ್ಕಾರಿ ದಂತ ಕಾಲೇಜಿದೆ.

ಹಲ್ಲನ್ನು ಕಡೆಗಣಿಸುವುದು ಹಳ್ಳಿ ಆಟಗಾರರಷ್ಟೇ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ದಂತ ಚಿಕಿತ್ಸಾಲಯಕ್ಕೆ ಬಂದವರಲ್ಲಿ 25 ದೇಶಗಳ 302 ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಇತ್ತು. ನೂರಕ್ಕೆ 18 ಮಂದಿ ಬಾಯಿಯ ತೊಂದರೆಯಿಂದ ತಮ್ಮ ಆಟಕ್ಕೇ ಪೆಟ್ಟಾಗಿದೆ ಎಂದರು. 2022ರ ಡಿಸೆಂಬರ್‌ನಲ್ಲಿ ಲಂಕಾ ಪ್ರೀಮಿಯರ್ ಲೀಗ್‌ನಲ್ಲಿ ಕ್ಯಾಚ್ ಹಿಡಿಯಲು ಹೋದ ಚಮಿಕ ಕರುಣರತ್ನೆಯ ಬಾಯಿಗೆ ಚೆಂಡು ಬಡಿದು ನಾಲ್ಕು ಹಲ್ಲು ಹೋದವು. ಕ್ಯಾಚ್ ಬಿಡಲಿಲ್ಲ, ಆಸ್ಪತ್ರೆಗೆ ಹೋಗುವುದನ್ನೂ ಬಿಡಲಿಲ್ಲ.

ಮೌತ್‌ಗಾರ್ಡ್ ಹಾಕಿದರೆ ಕಬಡ್ಡಿ ಅನ್ನಲಾಗದು ಎಂಬ ದೂರು ಹುಡುಗರದ್ದು. ಅಂಗಡಿಯಲ್ಲಿ ಸಿಗುವ ಸಡಿಲವಾದದ್ದಕ್ಕೆ ಆ ಮಾತು ನಿಜ. ಹಲ್ಲಿನ ಅಚ್ಚು ತೆಗೆದು ದಂತವೈದ್ಯರು ಮಾಡಿಕೊಡುವುದು ಬಿಗಿಯಾಗಿ ಕೂರುತ್ತದೆ, ಮಾತಿಗೂ ಉಸಿರಿಗೂ ಅಷ್ಟು ಅಡ್ಡ ಬರುವುದಿಲ್ಲ. ಕಪ್‌ಗೆ, ಜೆರ್ಸಿಗೆ, ಮೈಕ್ ಸೆಟ್‌ಗೆ ದುಡ್ಡು ಹೊಂದಿಸುವ ಸಂಘಗಳು ಮೂಲೆಯಲ್ಲಿ ಆಡುವ ಇಬ್ಬರಿಗಾದರೂ ಇದನ್ನು ಮೊದಲು ಮಾಡಿಸಿಕೊಡಬೇಕು.

ಹಲ್ಲು ಕಟ್ಟಿಸಿಕೊಂಡ ಮೇಲೂ ಆರರಿಂದ ಎಂಟು ವಾರಗಳ ನಂತರ ಒಮ್ಮೆ, ವರ್ಷ ತುಂಬಿದಾಗ ಮತ್ತೊಮ್ಮೆ ತೋರಿಸಬೇಕು. ಅಷ್ಟು ಹೊತ್ತಿಗೆ ಟೂರ್ನಿ ಬೇರೆ ಊರಿಗೆ ಹೋಗಿರುತ್ತದೆ, ಹಲ್ಲಿನ ನೋವೂ ಇರುವುದಿಲ್ಲ. ವೈದ್ಯರು ತಣ್ಣನೆಯ ಹತ್ತಿಯನ್ನು ಹಲ್ಲಿಗೆ ಮುಟ್ಟಿಸಿ ಹುಡುಗನ ಮುಖ ನೋಡುತ್ತಾರೆ. ಅವನು ಜುಮ್ಮೆಂದು ಮುಖ ಕಿವಿಚಿದರೆ ಒಳಗೆ ಜೀವವಿದೆ.